ಒಂದು ತಪ್ಪು, ಗಾಜಿನ ಫ್ರೇಮು ಸಹಿತ

ಅಂತರರಾಷ್ಟ್ರೀಯ ಸಚಿವ ನೈತಿಕತಾ ಮಂಡಳಿಯ ಮಹಾಧಿವೇಶನವು ಈ ಸಲದ ಆಷಾಢದಲ್ಲಿ ಹೊಸಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಅಲ್ಲಿ ನಡೆದದ್ದೆಲ್ಲ ನಿಯಮಬದ್ಧವಾಗಿಯೇ ಇತ್ತೆಂದು ಮಂಡಳಿಯೇ ಪ್ರಮಾಣೀಕರಿಸಿದೆ. ಆದ್ದರಿಂದ ಈ ಬಗ್ಗೆ ಬೇರೆ ಯಾರೂ ಅನುಮಾನ ಪಡುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ಆಷಾಢವೇ ಯಾಕೆ ಎಂದು ಕೇಳಬಹುದು. ನಾನಾ ದೇಶಗಳ ಸಚಿವರು ತಮ್ಮ ನೈತಿಕ ಮಟ್ಟವನ್ನು ಎತ್ತರಿಸಿಕೊಳ್ಳಲು ವರ್ಷಕ್ಕೊಮ್ಮೆ ಎಲ್ಲಾದರೂ ಕೂಡಲೇಬೇಕು. ಕೂಡಿದ ಜಾಗದ ಹತ್ತಿರ ನೋಡುವಂಥದ್ದು ಏನಾದರೂ ಇರಬೇಕು. ಹಂಪಿ ಇತ್ತು. ಸಾವಿರ ಜನ ಹಿಡಿಯುವ ಎಸಿ ಸಭಾಂಗಣ ಬೇಕಾಗಿತ್ತು. ಅಷ್ಟು ದೊಡ್ಡದು ಎಂದರೆ ಕಲ್ಯಾಣ ಮಂಟಪ ಮಾತ್ರ, ಅದು ಖಾಲಿ ಸಿಗುವುದು ಮದುವೆಗಳಿಲ್ಲದ ಆಷಾಢದಲ್ಲಿ ಮಾತ್ರ. ಹೀಗೆ ಜಗತ್ತಿನ ನೀತಿಗೆ ನಮ್ಮ ಪಂಚಾಂಗ ಒಂದು ದಾರಿ ಮಾಡಿಕೊಟ್ಟಿತು.

ಅಧಿವೇಶನದ ಸ್ವಾಗತ ಕಚೇರಿಯಲ್ಲಿ ಗಂಗಾಂಬಿಕಾ ಅನುವಾದಕಿಯಾಗಿದ್ದಳು. ಗಾದಿಗನೂರಿನ ಹುಡುಗಿ. ಪರೀಕ್ಷೆ ಪಾಸಾಗಿ ನೌಕರಿಗೆ ಸೇರಿದ್ದಳು, ಆದರೆ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ತಾಯಿ ಕೊಟ್ರಮ್ಮ ಮಗಳಿಗೆ ಸರ್ಕಾರಿ ನೌಕರಿ ಖಾಯಂ ಆಯಿತೆಂದು ಊರೆಲ್ಲ ಸಕ್ಕರೆ ಹಂಚಿಬಿಟ್ಟಿದ್ದಳು. ಖಾಯಂ ಆಗಿಲ್ಲ ಎಂಬ ಸಣ್ಣ ವಿಷಯವನ್ನು ಊರಿಗೆ ಹೇಳಲು ಕೊಟ್ರಮ್ಮನಿಗೆ ಬಾಯಿ ಬಂದಿರಲಿಲ್ಲ. ಗಂಗಾಂಬಿಕಾಳಿಗಿಂತ ಮುಂಚೆ ಇದ್ದ ಅನುವಾದಕನನ್ನು ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಮನೆಗೆ ಕಳಿಸಿದ್ದರು. ಹಾಗಾಗಿ ಅವಳು ಅಲ್ಪವಿರಾಮಗಳ ಬಗ್ಗೆ ಕಣ್ಣಲ್ಲಿ ಕಣ್ಣಿಟ್ಟು ಕೆಲಸ ಮಾಡುತ್ತಿದ್ದಳು. ತಪ್ಪು ಬೇರೆ ಕಡೆಯಿಂದ ಬಂತು.

ಮಂಡಳಿಯ ನೀತಿ ಸಂಹಿತೆಯ ನಾಲ್ಕನೇ ಕಲಮಿನಲ್ಲಿ ಒಂದು ಮಾತಿತ್ತು. ಸಚಿವರಿಗೆ ಯಾರಾದರೂ ಉಡುಗೊರೆ ಕೊಟ್ಟಿದ್ದರೆ ಅದನ್ನು ಸಾರ್ವಜನಿಕವಾಗಿ ಓದಿ ಹೇಳಬೇಕು, ಮುಚ್ಚಿಡಬಾರದು ಎಂಬುದು ಅದರ ಅರ್ಥ. ಆದರೆ ಗಾದಿಗನೂರಿನಲ್ಲಿ ಉಡುಗೊರೆಯ ಪಕ್ಕದಲ್ಲಿ ಓದುವ ಮಾತು ಬಂದರೆ ಅದಕ್ಕೆ ಒಂದೇ ಅರ್ಥ. ಮದುವೆಯಲ್ಲಿ ಮುಯ್ಯಿ ಮಾಡುವುದಕ್ಕೆ ಅಲ್ಲಿ ‘ಓದಿಸುವುದು’ ಎನ್ನುತ್ತಾರೆ. ಕೊಟ್ಟವರ ಹೆಸರು, ಊರು, ಕೊಟ್ಟ ವಸ್ತು, ಈ ಮೂರನ್ನೂ ಮೈಕಿನಲ್ಲಿ ಓದಿದರೆ ಅದು ಉಡುಗೊರೆ. ಓದದಿದ್ದರೆ ಅದು ಬರೀ ಪಾತ್ರೆ. ಹುಟ್ಟಿದಾಗಿನಿಂದ ಕೇಳಿದ ಮಾತು, ಕೈಗೆ ತಾನಾಗಿಯೇ ಬಂತು. ಗಂಗಾಂಬಿಕಾ ಬರೆದಳು: ‘ಸಚಿವರಿಗೆ ಸಾರ್ವಜನಿಕರು ಉಡುಗೊರೆಗಳನ್ನು ಓದಿಸತಕ್ಕದ್ದು.’

ಅವಳ ಮೇಲಿನ ವಿಶೇಷಾಧಿಕಾರಿ ಮನೋಹರ್ ಸಾಹೇಬರು ಅದಕ್ಕೆ ಸಹಿ ಹಾಕಿದರು. ಕಡತಗಳನ್ನು ಓದದೆ ಸಹಿ ಮಾಡುವುದು ಅವರ ಪದ್ಧತಿ. ಓದಿದರೆ ಸಹಿ ಮಾಡಲು ಮನಸ್ಸೇ ಬರುವುದಿಲ್ಲ ಎಂಬುದು ಅವರ ಬಹುಕಾಲದ ಅನುಭವವಾಗಿತ್ತು.

ವಾರ ಕಳೆಯುವಷ್ಟರಲ್ಲಿ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಬೀದಿಗಳಲ್ಲಿ ಆಟೋಗಳು ಮೈಕು ಕಟ್ಟಿಕೊಂಡು ಓಡಾಡತೊಡಗಿದವು.

‘ಸಾರ್ವಜನಿಕರ ಗಮನಕ್ಕೆ. ಅಂತರರಾಷ್ಟ್ರೀಯ ನೀತಿ ಸಂಹಿತೆಯ ನಾಲ್ಕನೇ ಕಲಮಿನ ಅನ್ವಯ, ಪಾರದರ್ಶಕತೆಯನ್ನು ಕಾಪಾಡುವ ಸಲುವಾಗಿ ಎಲ್ಲರೂ ಸಚಿವರಿಗೆ ಕಡ್ಡಾಯವಾಗಿ ಓದಿಸತಕ್ಕದ್ದು. ಯಾವ ಉಡುಗೊರೆಯೂ ಒಬ್ಬ ಮನುಷ್ಯ ತನ್ನ ಎರಡು ಕೈಯಿಂದ ಎತ್ತಿ ಕೊಡುವುದಕ್ಕಿಂತ ದೊಡ್ಡದಿರಬಾರದು, ಏಕೆಂದರೆ ಅದು ಭ್ರಷ್ಟಾಚಾರವಾಗುತ್ತದೆ. ಗುಟ್ಟಾಗಿ ಕೊಡುವವರ ಮೇಲೆ ಕ್ರಮ ಜರುಗಿಸಲಾಗುವುದು.’

ಬಸ್ ಸ್ಟ್ಯಾಂಡಿನ ಮುಂದೆ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದ ಗಂಗಾಂಬಿಕಾಳ ಕಿವಿಗೂ ಇದು ಬಿತ್ತು. ಮಿರ್ಚಿಯನ್ನು ಅರ್ಧಕ್ಕೇ ಬಿಟ್ಟು ಕಚೇರಿಗೆ ಓಡಿದಳು.

“ಸರ್, ನಾಲ್ಕನೇ ಕಲಮಿನ್ಯಾಗ ತಪ್ಪಾಗೈತ್ರಿ,” ಎಂದಳು. “ಬಂದ ಉಡುಗೊರಿ ಯಾವುವು ಅಂತ ಓದಿ ಹೇಳಬೇಕ್ರಿ. ನಾನು ಜನರೇ ಓದಿಸಬೇಕು ಅಂತ ಬರದಬಿಟ್ಟೀನಿ.”

ಮನೋಹರ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಆದೇಶ ಹೊರಡೂಕಿಂತ ಮುಂಚೆ ಹೇಳಿದ್ರ ಅದು ತಿದ್ದುಪಡಿ ಆಗತೈತಮ್ಮ. ಹೊರಟ ಮ್ಯಾಲೆ ಹೇಳಿದ್ರ ಅದು ದುರ್ನಡತೆ. ನಿಂದು ಪ್ರೊಬೇಷನ್ ಇನ್ನಾ ಮುಗಿದಿಲ್ಲ, ಹೌದಿಲ್ಲೋ?”

“ಇಲ್ರಿ ಸರ್.”

“ಹಂಗಾರ ತಪ್ಪು ಆಗಿಲ್ಲ ಬಿಡು.”

ಗಂಗಾಂಬಿಕಾಳಿಗೆ ಮೊದಲು ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಎರಡನ್ನೂ ನುಂಗಿಕೊಂಡು ತನ್ನ ಕುರ್ಚಿಗೆ ಹೋದಳು.

ಆತಿಥೇಯರಾಗಿ ನೀತಿ ಮತ್ತು ಪಾರದರ್ಶಕತೆ ಖಾತೆಯ ಸಚಿವ ಉಜ್ಜಿನಪ್ಪನವರಿದ್ದರು. ಅವರಿಗಂತೂ ನಾಲ್ಕನೇ ಕಲಮು ಬಹಳ ಹಿಡಿಸಿತು. “ಇಷ್ಟು ದಿನ ಹಿತ್ತಲ ಬಾಗಿಲಿಂದ ಬರ್ತಿದ್ವು. ಯಾರು ತಂದ್ರು, ಏನು ತಂದ್ರು, ಒಂದೂ ನೆನಪಿರ್ತಿದ್ದಿಲ್ಲ,” ಎಂದು ಕಚೇರಿಯವರ ಮುಂದೆ ಮನಸ್ಸು ಬಿಚ್ಚಿ ಹೇಳಿದರು. “ಪಾರದರ್ಶಕತೆ ಅಂದ್ರ ಏನೋ ಅಂತ ಅಂಜಿಕಿ ಇತ್ತು. ಭಾಳ ಅನುಕೂಲ ಐತಿ ನೋಡ್ರಿ.”

ಓದಲು ಕಂಪ್ಲಿಯಿಂದ ಜಂಬಯ್ಯನನ್ನು ಕರೆಸಿದರು. ಸುತ್ತಲಿನ ಊರುಗಳ ಮದುವೆಗಳಲ್ಲಿ ಮುಯ್ಯಿ ಓದುವವನು ಅವನೇ. ಅವನ ಬಾಯಲ್ಲಿ ಸ್ಟೀಲಿನ ಲೋಟವೂ ತಾಮ್ರದ ಹಂಡೆಯಂತೆ ಕೇಳಿಸುತ್ತದೆ. ವಿದೇಶಿ ಸಚಿವರ ಮುಂದೆ ಓದಬೇಕೆಂದು ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: “ಗಂಡಿನ ಕಡೇಯವ್ರೋ, ಹೆಣ್ಣಿನ ಕಡೇಯವ್ರೋ?”

ಅಧಿವೇಶನದ ಮೊದಲ ದಿನ ಮಂಡಳಿಯ ಅಧ್ಯಕ್ಷೆಯನ್ನು ವೇದಿಕೆಯ ಮೇಲೆ ಮದುಮಗಳು ಕೂರುವ ಕೆಂಪು ಮಖಮಲ್ಲಿನ ಆಸನದಲ್ಲಿ ಕೂರಿಸಲಾಯಿತು. ಅವರು ಉತ್ತರದ ಕಡೆಯ ಒಂದು ಹಿಮದ ದೇಶದ ಸಚಿವೆ. ಮದುಮಗನ ಆಸನದಲ್ಲಿ ಉಜ್ಜಿನಪ್ಪನವರು ಕೂತರು. ಅಧ್ಯಕ್ಷೆಗೆ ಮಾತು ತಿಳಿಸಲು ಗಂಗಾಂಬಿಕಾ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಳು. ಹೊರಗೆ ಸಾಲು ಆಗಲೇ ರಸ್ತೆ ಮುಟ್ಟಿತ್ತು, ಏಕೆಂದರೆ ತನ್ನ ಹೆಸರು ಅಂತರರಾಷ್ಟ್ರೀಯ ಮೈಕಿನಲ್ಲಿ ಬರುತ್ತದೆ ಎಂದರೆ ಯಾರು ತಾನೇ ಮನೆಯಲ್ಲಿ ಕೂರುತ್ತಾರೆ?

“ಕಂಪ್ಲಿಯ ಎರ್ರಿಯಪ್ಪನವರಿಂದ, ಬಾಳೆಗೊನೆ, ಒಂದು. ಸಂಡೂರಿನ ವೀರೇಶ್ ಅವರಿಂದ, ಟಿಪ್ಪರಿನ ಮುಂದಿನ ಟೈರು, ಎಡಗಡೇದು, ಒಂದು.”

ವೀರೇಶ್ ಸಂಡೂರಿನ ಅದಿರು ಗುತ್ತಿಗೆದಾರ. ಕಾನೂನಿಗೆ ಬೆಲೆ ಕೊಡುವ ಮನುಷ್ಯ. ಎರಡು ಕೈಯಲ್ಲಿ ಎತ್ತಲಾಗದ್ದನ್ನು ಕೊಡುವುದು ಭ್ರಷ್ಟಾಚಾರ ಎಂದು ಆಟೋದಲ್ಲಿ ಕೇಳಿದ್ದರಿಂದ ಅವನು ಟಿಪ್ಪರನ್ನು ಬಿಡಿಬಿಡಿಯಾಗಿ ತಂದಿದ್ದ. ಅವನ ಹಿಂದೆ ಅವನ ಅಳಿಯ, ಅಳಿಯನ ತಮ್ಮ, ಬೀಗರು, ಬೀಗರ ಕಡೆಯವರು ಸಾಲಾಗಿ ನಿಂತಿದ್ದರು. ಬಲಗಡೆಯ ಟೈರು ಬಂತು, ಸ್ಟೇರಿಂಗು ಬಂತು, ಹಾರನ್ನು ಬಂತು. ಎಂಜಿನ್ನನ್ನು ಮಾತ್ರ ಕ್ರೇನಿನಲ್ಲಿ ತಂದರು. ಮಂಡಳಿಯ ಪರಿವೀಕ್ಷಕರು ಆಕ್ಷೇಪಿಸಿದಾಗ ವೀರೇಶ್ ಕ್ರೇನ್ ಆಪರೇಟರನ್ನು ಕೆಳಗಿಳಿಸಿ ಅವರ ಮುಂದೆ ನಿಲ್ಲಿಸಿದ. ಅವನಿಗೆ ಇದ್ದದ್ದು ಎರಡೇ ಕೈ. ಪರಿವೀಕ್ಷಕರು ತೃಪ್ತರಾದರು.

ಸಂಜೆಯ ಹೊತ್ತಿಗೆ ಊಟದ ಹಾಲಿನಲ್ಲಿ ಟಿಪ್ಪರ್ ಪೂರ್ತಿ ಎದ್ದು ನಿಂತಿತು. ಅಧ್ಯಕ್ಷೆ ಸುತ್ತು ಹಾಕಿ ನೋಡಿ ಗಂಗಾಂಬಿಕಾಳನ್ನು ಕೇಳಿದರು: ಇದು ಉಡುಗೊರೆಯೇ?

“ಅಲ್ಲ ಮೇಡಮ್, ಇವು ಉಡುಗೊರೆಗಳು,” ಎಂದಳು ಗಂಗಾಂಬಿಕಾ. ಅಧ್ಯಕ್ಷೆ ಮೆಚ್ಚಿ ತಲೆಯಾಡಿಸಿದರು. ತಮ್ಮ ದೇಶದಲ್ಲಿ ಇಡೀ ವಾಹನವೇ ಒಮ್ಮೆಗೇ ಬರುತ್ತದೆ, ಹಾಗಾಗಿ ಯಾವುದನ್ನೂ ಪರಿಶೀಲಿಸಲು ಆಗುವುದಿಲ್ಲ ಎಂದರು.

ಮುಯ್ಯಿ ತೆಗೆದುಕೊಂಡ ಮೇಲೆ ತೀರಿಸಬೇಕು. ಅದೂ ತೆಗೆದುಕೊಂಡದ್ದಕ್ಕಿಂತ ಒಂದು ಕೈ ಹೆಚ್ಚಾಗಿಯೇ ತೀರಿಸಬೇಕು. ಇದನ್ನು ನಮ್ಮ ಕಡೆ ಯಾರೂ ಬರೆದಿಟ್ಟಿಲ್ಲ, ಬರೆಯುವ ಅಗತ್ಯವೂ ಬಿದ್ದಿಲ್ಲ. “ಮುಯ್ಯಿ ತೀರಿಸದವ ಮನಷ್ಯಾನೇನ್ರಿ? ನೀತಿಗೆಟ್ಟವ,” ಎಂದು ಉಜ್ಜಿನಪ್ಪನವರು ನೀತಿಯ ಅಧಿವೇಶನದಲ್ಲಿಯೇ ಎದ್ದು ಹೇಳಿದರು. ಅಂದೇ ಜಂಬಯ್ಯ ಓದಿದ:

“ಸಚಿವರಾದ ಉಜ್ಜಿನಪ್ಪನವರಿಂದ ಸಂಡೂರಿನ ವೀರೇಶ್ ಅವರಿಗೆ, ಮುಯ್ಯಿ, ಗುಡ್ಡ, ಒಂದು.”

ಎರಡು ಕೈಯ ನಿಯಮ ಸಚಿವರಿಗೂ ಅನ್ವಯಿಸುತ್ತದೆ. ಹಾಗಾಗಿ ಹಿತ್ತಾಳೆ ತಟ್ಟೆಯಲ್ಲಿ ತರಿಸಿದ್ದ, ಸಂಡೂರಿನ ಆ ಅದಿರು ಗುಡ್ಡದ ಕೆಂಪು ಮಣ್ಣನ್ನು ಬೊಗಸೆ ತುಂಬ ಎತ್ತಿ ವೀರೇಶ್‌ನ ಬೊಗಸೆಗೆ ಸುರಿದರು. ಜನ ಚಪ್ಪಾಳೆ ತಟ್ಟಿದರು. ಗುಡ್ಡ ದೊಡ್ಡದೋ ಎಂದು ಅಧ್ಯಕ್ಷೆ ವಿಚಾರಿಸಿದರು.

“ಸಣ್ಣದ್ರಿ ಮೇಡಮ್,” ಎಂದರು ಉಜ್ಜಿನಪ್ಪನವರು. “ಕಣ್ಣು ಮುಚ್ಚಿಕೊಂಡ್ರ ಕಾಣಂಗೂ ಇಲ್ಲ.”

ಗಂಗಾಂಬಿಕಾ ಅದನ್ನು ಇದ್ದ ಹಾಗೆಯೇ ತಿಳಿಸಿದಳು. ತಮ್ಮ ದೇಶದಲ್ಲೂ ಗುಡ್ಡ ಕೊಡುವುದುಂಟು, ಆದರೆ ಮೈಕಿನಲ್ಲಿ ಕೊಡುವ ಎದೆಗಾರಿಕೆ ಯಾರಿಗೂ ಬಂದಿಲ್ಲ ಎಂದು ಅಧ್ಯಕ್ಷೆ ಒಪ್ಪಿಕೊಂಡರು. ಈ ಕ್ರಮವು ಅನುಕರಣೀಯ ಎಂಬ ಟಿಪ್ಪಣಿ ಕಲಾಪದಲ್ಲಿ ಸೇರಿತು. ದ್ವೀಪವೊಂದರ ಸಚಿವರು, ನನ್ನಲ್ಲಿ ಗುಡ್ಡವಿಲ್ಲ, ಕಡಲಿನ ಒಂದು ತುಂಡು ನಡೆಯುತ್ತದೆಯೇ ಎಂದು ಕೇಳಿ, ಒಂದು ಖಾಲಿ ಬಾಟಲಿ ತರಿಸಿಕೊಂಡರು.

ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಸಂಡೂರಿನಿಂದ ಪಕೀರಮ್ಮ ಬಂದಳು. ಆಡು ಕಾಯುವ ಮುದುಕಿ. ಬಸ್ಸಿನಲ್ಲಿ ಆಡು ಹತ್ತಿಸಿಕೊಳ್ಳುವುದಿಲ್ಲ ಎಂದದ್ದರಿಂದ ಒಬ್ಬಳೇ ಬಂದಿದ್ದಳು. ಬಾಗಿಲಲ್ಲಿದ್ದ ಸ್ವಯಂಸೇವಕ ತಡೆದ.

“ಓದಿಸಾಕ ಏನು ತಂದೀಯಮ್ಮ?”

“ಓದಿಸಾಕ ಏನೈತಪ್ಪ ನನ್ನ ಹಂತ್ಯಾಕ? ಕೇಳಾಕ ಬಂದೀನಿ.”

“ಕೇಳೋದು ಕಾರ್ಯಕ್ರಮದಾಗ ಇಲ್ಲ.”

ಗಂಗಾಂಬಿಕಾ ಎದ್ದು ಹೋಗಿ ಅವಳನ್ನು ಒಳಗೆ ಕರೆತಂದು ಟಿಪ್ಪರಿನ ನೆರಳಿನಲ್ಲಿ ಕೂರಿಸಿ ಎಲೆ ಹಾಕಿಸಿದಳು. ಮುದುಕಿ ಊಟ ಮುಟ್ಟಲಿಲ್ಲ. “ನಿನ್ನೆ ಆ ಗುಡ್ಡಕ್ಕ ತಂತಿ ಬೇಲಿ ಹಾಕ್ಯಾರವ್ವ. ನನ್ನ ಆಡು ಅಲ್ಲೇ ಮೇಯೂವು. ಅವಕ್ಕ ಬ್ಯಾರೆ ಜಾಗ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾರವ್ವ ಮಾಡಿದ್ದು ಈ ಓದಿಸೂ ಕಾನೂನು?”

ಗಂಗಾಂಬಿಕಾಳಿಗೆ ಉತ್ತರ ಗೊತ್ತಿತ್ತು. ಇಡೀ ಮಂಟಪದಲ್ಲಿ ಅವಳಿಗೂ ಮನೋಹರ್ ಸಾಹೇಬರಿಗೂ ಮಾತ್ರ ಗೊತ್ತಿತ್ತು. ಹೊರಗೆ ಬಂದು ತಾಯಿಗೆ ಫೋನು ಮಾಡಿದಳು.

“ಯವ್ವ, ನೌಕರಿ ಹೋಗಬೌದು.”

“ಯಾಕಲೇ, ಏನು ಮಾಡಿದಿ?”

“ಇನ್ನಾ ಮಾಡಿಲ್ಲ. ಖರೇದು ಹೇಳಾಕ ಹೊಂಟೀನಿ.”

ಕೊಟ್ರಮ್ಮ ದನಿ ತಗ್ಗಿಸಿದಳು. “ಖಾಯಂ ಆದ ಮ್ಯಾಲೆ ಹೇಳಬಾರದೇನಲೇ ಗಂಗಿ? ಖರೇದು ಎಲ್ಲಿಗೆ ಓಡಿಹೋಗತೈತಿ?”

ಆದರೆ ಗಂಗಾಂಬಿಕಾ ಮನಸ್ಸು ಗಟ್ಟಿ ಮಾಡಿದ್ದಳು. ನೇರ ಜಂಬಯ್ಯನ ಹತ್ತಿರ ಹೋಗಿ ತಾನು ಮೈಕಿನಲ್ಲಿ ಒಂದು ಮಾತು ಹೇಳಬೇಕು ಎಂದಳು. ಜಂಬಯ್ಯ ಮೈಕನ್ನು ಎದೆಗವಚಿಕೊಂಡ. “ಉಡುಗೊರಿ ಬಿಟ್ಟು ಬ್ಯಾರೆ ಏನೂ ಈ ಮೈಕಿನ್ಯಾಗ ಹೋಗಿಲ್ಲವ್ವ. ನಮ್ಮಪ್ಪನ ಕಾಲದಾಗೂ ಹೋಗಿಲ್ಲ. ಓದಿಸಂಗಿದ್ರ ತಗೊಂಡು ಬಾ, ಮಸ್ತ್ ಓದ್ತೀನಿ.”

ಗಂಗಾಂಬಿಕಾ ಒಂದು ದಪ್ಪ ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಳು: ‘ನಾಲ್ಕನೇ ಕಲಮು ತಪ್ಪು. ತಪ್ಪು ಮಾಡಿದವಳು ನಾನು. ಕೊಟ್ಟದ್ದೆಲ್ಲ ವಾಪಸಾಗಬೇಕು, ಗುಡ್ಡ ಮೊದಲು.’ ಬರೀ ಹಾಳೆಯನ್ನು ಉಡುಗೊರೆ ಎಂದು ತೆಗೆದುಕೊಳ್ಳಲಾರರು ಎಂದು ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಗೆ ಓಡಿ ಗಾಜಿನ ಫ್ರೇಮು ಹಾಕಿಸಿದಳು. ಅಂಗಡಿಯವನು ಓದಿ ನೋಡಿ, “ಸುತ್ತ ಹೂವಿನ ಬಾರ್ಡರು ಹಾಕ್ಲೇನ್ರಿ?” ಎಂದು ಕೇಳಿದ. ಬೇಡವೆಂದಳು. ಸಾಲಿನಲ್ಲಿ ನಿಂತಳು. ಅವಳ ಮುಂದೆ ತೋರಣಗಲ್ಲಿನ ಒಬ್ಬ ಬಸ್ ಮಾಲೀಕ ಸೀಟುಗಳನ್ನು ಹೊತ್ತು ನಿಂತಿದ್ದ.

ಸರದಿ ಬಂದಾಗ ಜಂಬಯ್ಯ ಫ್ರೇಮನ್ನು ಒಮ್ಮೆ ನೋಡಿ ಗಂಟಲು ಸರಿ ಮಾಡಿಕೊಂಡ.

“ಗಾದಿಗನೂರಿನ ಕೊಟ್ರಮ್ಮನವರ ಮಗಳು ಗಂಗಾಂಬಿಕಾ ಅವರಿಂದ, ಸಚಿವರಿಗೆ, ತಪ್ಪು, ಒಂದು. ಗಾಜಿನ ಫ್ರೇಮು ಸಹಿತ.”

“ಒಳಗಿರೋದನ್ನೂ ಓದ್ರಿ ಜಂಬಯ್ಯನವ್ರ,” ಎಂದಳು ಗಂಗಾಂಬಿಕಾ.

“ಹೆಸರು, ಊರು, ವಸ್ತು ಅಷ್ಟ ಓದೋದವ್ವ. ಸೀರಿ ಓದಿಸಿದ್ರ ಮಡಿಕಿ ಬಿಚ್ಚಿ ತೋರಸ್ತಾರೇನು?”

ಉಜ್ಜಿನಪ್ಪನವರು ಆಗಲೇ ಎರಡು ಕೈ ಚಾಚಿ ತಪ್ಪನ್ನು ತೆಗೆದುಕೊಂಡು ಕ್ಯಾಮೆರಾದ ಕಡೆ ತಿರುಗಿಸಿ ಹಿಡಿದಿದ್ದರು. ಅಧ್ಯಕ್ಷೆ ಮುಂದಕ್ಕೆ ಬಾಗಿ ಅದೇನೆಂದು ಕೇಳಿದರು. ಗಂಗಾಂಬಿಕಾ ತನ್ನ ಕುರ್ಚಿಗೆ ಬಂದು, ಕೆಲಸ ಕೆಲಸವೇ ಆದ್ದರಿಂದ, ಅನುವಾದಿಸಿದಳು: ತಪ್ಪು.

ಸಚಿವರು ಅದನ್ನೇನು ಮಾಡಿದರು ಎಂದು ಅಧ್ಯಕ್ಷೆ ಮತ್ತೆ ಕೇಳಿದರು.

“ಸಚಿವರು ತಪ್ಪನ್ನು ಒಪ್ಪಿಕೊಂಡರು,” ಎಂದಳು ಗಂಗಾಂಬಿಕಾ. ಹೇಳಿ ಮುಗಿಸುವಷ್ಟರಲ್ಲಿ ಏನಾಯಿತೆಂದು ಅವಳಿಗೆ ಹೊಳೆಯಿತು, ಆದರೆ ಆಡಿದ ಮಾತು ಆಡಿಯಾಗಿತ್ತು.

ಅಧ್ಯಕ್ಷೆ ಮಖಮಲ್ಲಿನ ಆಸನದಿಂದ ಎದ್ದು ನಿಂತರು. ಮಂಡಳಿ ಹುಟ್ಟಿದಾಗಿನಿಂದ ಯಾವ ದೇಶದ ಯಾವ ಸಚಿವರೂ ಸಾರ್ವಜನಿಕವಾಗಿ ತಪ್ಪನ್ನು ಒಪ್ಪಿಕೊಂಡದ್ದಿಲ್ಲ ಎಂದು ನಡುಗುವ ದನಿಯಲ್ಲಿ ಹೇಳಿದರು. ಎಲ್ಲ ಸಚಿವರೂ ಎದ್ದು ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣಲ್ಲಿ ನೀರಿತ್ತು. ದ್ವೀಪದ ಸಚಿವರು ಹತ್ತಿರ ಬಂದು ಫ್ರೇಮನ್ನು ಮುಟ್ಟಬಹುದೇ ಎಂದು ಕೇಳಿ, ಮುಟ್ಟಿ, ಕೈಯನ್ನು ಕರವಸ್ತ್ರದಿಂದ ಒರೆಸಿಕೊಂಡರು. ವರ್ಷದ ನೈತಿಕ ಸಚಿವ ಪ್ರಶಸ್ತಿ ಉಜ್ಜಿನಪ್ಪನವರಿಗೆ ಸರ್ವಾನುಮತದಿಂದ ಘೋಷಣೆಯಾಯಿತು. ಫ್ರೇಮನ್ನು ಉಗ್ರಾಣದಲ್ಲಿ ಬಾಳೆಗೊನೆಗಳ ಪಕ್ಕ ಇಟ್ಟು ಬೀಗ ಹಾಕಿದರು. ಅದರಲ್ಲಿ ಬರೆದದ್ದನ್ನು ಆ ಅಂಗಡಿಯವನ ಹೊರತು ಯಾರೂ ಪೂರ್ತಿ ಓದಲಿಲ್ಲ.

ಸಮಾರೋಪದ ದಿನ ಬೆಳಿಗ್ಗೆ ರಾಜಧಾನಿಯಿಂದ ಉಜ್ಜಿನಪ್ಪನವರಿಗೆ ಫೋನು ಬಂತು. ಪ್ರಶಸ್ತಿಯೇನೋ ಸರಿ, ಆದರೆ ಗುಡ್ಡ ಕೊಟ್ಟದ್ದು ತಪ್ಪಲ್ಲವೇ ಎಂದು ಮೇಲಿನವರು ಕೇಳಿದರು. ಉಜ್ಜಿನಪ್ಪನವರು ವಾದ ಮಾಡಲಿಲ್ಲ. ತಪ್ಪು ಒಪ್ಪಿಕೊಳ್ಳುವುದರಲ್ಲಿ ಅವರಿಗೆ ಈಗ ಅಂತರರಾಷ್ಟ್ರೀಯ ಹೆಸರಿತ್ತು. “ತಪ್ಪೇ ಬಿಡ್ರಿ,” ಎಂದರು. ಫೋನಿಟ್ಟು ಮನೋಹರ್ ಸಾಹೇಬರನ್ನು ಕೇಳಿದರು: “ನಿನ್ನೆ ಆ ಹುಡುಗಿ ಓದಿಸಿದ್ದಕ್ಕ ಮುಯ್ಯಿ ತೀರಿಸೀವೇನು?”

ಗಂಗಾಂಬಿಕಾಳನ್ನು ವೇದಿಕೆಗೆ ಕರೆದರು.

“ಸಚಿವರಾದ ಉಜ್ಜಿನಪ್ಪನವರಿಂದ ಗಾದಿಗನೂರಿನ ಗಂಗಾಂಬಿಕಾ ಅವರಿಗೆ, ಮುಯ್ಯಿ, ದೊಡ್ಡ ತಪ್ಪು, ಒಂದು. ಗುಡ್ಡದ್ದು.”

ಸಚಿವರ ಕೈಯಲ್ಲಿ ಏನೂ ಇರಲಿಲ್ಲ, ಆದರೂ ಅವರು ಎರಡೂ ಕೈ ಮುಂದೆ ಮಾಡಿದರು. ಮುಯ್ಯಿಯನ್ನು ಬೇಡ ಎನ್ನುವುದು ಕೊಟ್ಟವರಿಗೆ ಮಾಡುವ ಅವಮಾನ, ಅದೂ ಸಾವಿರ ಜನರ ಮುಂದೆ. ಗಂಗಾಂಬಿಕಾಳ ಕೈಗಳು ಅವಳನ್ನು ಕೇಳದೆಯೇ ಮುಂದೆ ಹೋದವು. ಚಪ್ಪಾಳೆ ಬಿತ್ತು.

ಕೆಳಗಿಳಿದು ಬಂದಾಗ ಮನೋಹರ್ ಸಾಹೇಬರು ಒಂದು ಆದೇಶ ಹಿಡಿದು ಕಾಯುತ್ತಿದ್ದರು. “ಸಣ್ಣ ತಪ್ಪು ಮಾಡಿದ್ರ ಪ್ರೊಬೇಷನ್‌ನವರನ್ನ ಹಂಗ ಮನೀಗೆ ಕಳಸಬೌದಮ್ಮ. ಇಷ್ಟು ದೊಡ್ಡದಕ್ಕ ಇಲಾಖಾ ವಿಚಾರಣೆ ಆಗಬೇಕು. ವಿಚಾರಣೆ ಮಾಡಬೇ‌ಕಂದ್ರ ನೌಕರರು ಖಾಯಂ ಇರಬೇಕು. ಅದಕ್ಕ ಇವತ್ತಿಂದ ನಿನ್ನ ಖಾಯಂ ಮಾಡೀವಿ. ವಿಚಾರಣೆ ನೀನು ರಿಟೈರ್ ಆಗೂದ್ರೊಳಗ ಮುಗೀತೈತಿ. ಉಡುಗೊರೆ ಸ್ವೀಕಾರ ಶಾಖೆ ನಿಂಗ ಕೊಟ್ಟೀವಿ.”

“ಗುಡ್ಡ ವಾಪಸ್ ಆಗತೈತೇನ್ರಿ ಸರ್?”

“ಓದಿಸಿದ್ದನ್ನ ವಾಪಸ್ ಕೇಳೋದು ಅನೈತಿಕ ಅಲ್ಲೇನಮ್ಮ?”

ಗಂಗಾಂಬಿಕಾಳಿಗೆ ಸಂತೋಷವಾಯಿತು. ಎಷ್ಟು ಸಂತೋಷವಾಯಿತೆಂದರೆ ಅದನ್ನು ಮುಚ್ಚಿಕೊಳ್ಳಲು ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳಬೇಕಾಯಿತು. ತಾಯಿ ಊರಿಗೆ ಹೇಳಿದ್ದ ಸುಳ್ಳು ಈಗ ನಿಜವಾಗಿತ್ತು.

ಪಕೀರಮ್ಮ ಇನ್ನೂ ಟಿಪ್ಪರಿನ ಹತ್ತಿರವೇ ಇದ್ದಳು. “ಏನು ಕೊಟ್ಟರವ್ವ ನಿನಗ?” ಎಂದು ಕೇಳಿದಳು. ಗಂಗಾಂಬಿಕಾ ಹೇಳಿದಳು. ಮುದುಕಿ ಬಹಳ ಹೊತ್ತು ಲೆಕ್ಕ ಹಾಕಿದಳು.

“ಅಂದ್ರ ಗುಡ್ಡ ಅವರದು, ತಪ್ಪು ನಿಂದು. ನನ್ನ ಆಡು ಯಾವುದರಾಗ ಮೇಯಬೇಕವ್ವ?”

ಗಂಗಾಂಬಿಕಾ ಬಾಯಿ ತೆರೆದಳು. ಕ್ಷಮಿಸಮ್ಮ ಎಂದು ಹೇಳಬೇಕೆಂದೇ ತೆರೆದಳು. ಆದರೆ ಬಂದ ಮಾತು ಬೇರೆ.

“ಅಮ್ಮ, ಹಂಗ ಬರೇ ಕೈಯಾಗ ಬಂದು ಕೇಳಿದ್ರ ಆಗಂಗಿಲ್ರಿ. ಓದಿಸಾಕ ಏನಾರ ತಗೊಂಡು ಬರ್ರಿ.”

ಪಕೀರಮ್ಮನಿಗೆ ಬೇಸರವಾಗಲಿಲ್ಲ. ಮೊದಲೇ ಹೇಳಿದ್ದರೆ ಒಂದು ಬಸ್ ಚಾರ್ಜು ಉಳಿಯುತ್ತಿತ್ತಲ್ಲ ಎಂದಷ್ಟೇ ಅಂದು ಊರಿಗೆ ಹೋದಳು. ಮರುವಾರ ಕಚೇರಿಗೆ ನಡೆದುಕೊಂಡೇ ಬಂದಳು, ಕಂಕುಳಲ್ಲಿ ಒಂದು ಆಡಿನ ಮರಿ ಇತ್ತು. ಜಂಬಯ್ಯನೂ ಅಷ್ಟು ಹೊತ್ತಿಗೆ ಆ ಶಾಖೆಯಲ್ಲಿ ನೌಕರಿಗೆ ಸೇರಿದ್ದ. ಅವನು ಹೆಸರು, ಊರು, ವಸ್ತು ಓದಿದ. ತನ್ನ ಹೆಸರು ಮೈಕಿನಲ್ಲಿ ಕೇಳಿ ಮುದುಕಿ ಸೆರಗು ಸರಿಮಾಡಿಕೊಂಡು ನಕ್ಕಳು. ಉಡುಗೊರೆ ಸ್ವೀಕಾರ ಶಾಖೆಯ ಅಧಿಕಾರಿ ಗಂಗಾಂಬಿಕಾ ಕುರ್ಚಿಯಿಂದ ಎದ್ದು, ನಿಯಮದ ಪ್ರಕಾರ, ಎರಡು ಕೈಯಿಂದ ಮರಿಯನ್ನು ತೆಗೆದುಕೊಂಡಳು.